ಕಂದಿನ ಜೊತೆ ಬರುವ ಮಣ್ಣು

ಬಾಳೆ ತೋಟದಲ್ಲಿ ‘ನಿಮಗೆ ಬೇಕಾದ ಕಂದು ಆರಿಸಿಕೊಳ್ಳಿ’ ಎಂದು ಹೊಸಬರನ್ನು ಬಿಟ್ಟರೆ ಅವರು ಮೊದಲು ಕೈಯಿಡುವುದು ತಪ್ಪು ಕಂದಿಗೆ. ಅಗಲವಾದ ಎಲೆ, ತಿಳಿಹಸಿರು ಬಣ್ಣ, ಗಾಳಿ ಬಂದರೆ ತೊನೆದಾಡುವ ಚೆಲುವು. ದೊಡ್ಡ ಬಾಳೆಯನ್ನೇ ಚಿಕ್ಕದು ಮಾಡಿ ನಿಲ್ಲಿಸಿದಂತಿರುವ ಆ ಕಂದನ್ನು ಕಂಡರೆ ಯಾರಿಗಾದರೂ ಆಸೆಯಾಗಬೇಕು. ಅದರ ಪಕ್ಕದಲ್ಲೇ ಇನ್ನೊಂದು ನಿಂತಿರುತ್ತದೆ. ಸಪೂರವಾದ, ಕತ್ತಿಯ ಅಲಗಿನಂಥ ಮೂರ್ನಾಲ್ಕು ಎಲೆ; ಬುಡ ಮಾತ್ರ ದಪ್ಪ, ಮೇಲೆ ಹೋದಂತೆಲ್ಲ ಮೊನಚು. ನೋಡಲು ಏನೂ ಇಲ್ಲ. ಪಳಗಿದ ಬೆಳೆಗಾರರು ಮೊದಲನೆಯದನ್ನು ಮಚ್ಚಿನಿಂದ ಸವರಿ ಹಾಕಿ ಎರಡನೆಯದರ ಬುಡಕ್ಕೆ ಹಾರೆ ಹಾಕುತ್ತಾರೆ. ಸವರಿದ್ದು ನೀರುಕಂದು, ಉಳಿಸಿಕೊಂಡದ್ದು ಕತ್ತಿಕಂದು.

ವ್ಯತ್ಯಾಸ ಕಾಣುವುದು ಎಲೆಯಲ್ಲಾದರೂ ಕಾರಣ ಇರುವುದು ನೆಲದೊಳಗೆ. ಕತ್ತಿಕಂದು ಹುಟ್ಟುವುದು ತಾಯಿಗೆಡ್ಡೆಯ ಆಳದಲ್ಲಿರುವ ಕಣ್ಣಿನಿಂದ. ತಾಯಿ ಗಟ್ಟಿಮುಟ್ಟಾಗಿದ್ದು ಉಣ್ಣಿಸುತ್ತಿರುವ ತನಕ ಅದಕ್ಕೆ ಸ್ವಂತ ಎಲೆಯ ಜರೂರಿಲ್ಲ. ಸಿಕ್ಕಿದ್ದನ್ನೆಲ್ಲ ಬುಡಕ್ಕೆ ಇಳಿಸಿಕೊಂಡು ಗೆಡ್ಡೆ ಕಟ್ಟುತ್ತಾ ಹೋಗುತ್ತದೆ. ನೀರುಕಂದು ಬರುವುದು ಬಹುಮಟ್ಟಿಗೆ ಗೊನೆ ಕಡಿದು ಮುಗಿದ ಹಳೆಯ ಗೆಡ್ಡೆಯ ಮೇಲ್ಭಾಗದಲ್ಲಿ. ತಾಯಿಯ ಜೊತೆಗಿನ ನಂಟು ಅರೆಬರೆ, ಅಲ್ಲಿಂದ ಬರುವ ಊಟವೂ ಅಷ್ಟಕ್ಕಷ್ಟೆ. ಹೊಟ್ಟೆಗಿಲ್ಲದ ಮನೆಯ ಮಗು ಬೇಗ ಕೂಲಿಗೆ ಹೊರಟ ಹಾಗೆ ಅದು ಬೇಗ ಎಲೆ ಬಿಚ್ಚಿ ಬಿಸಿಲು ಹಿಡಿಯುತ್ತದೆ. ನೆಟ್ಟರೆ ಬದುಕದೇ ಇರುವುದಿಲ್ಲ, ಗೊನೆಯನ್ನೂ ಹಾಕುತ್ತದೆ. ಆದರೆ ತಡವಾಗಿ, ಸಣ್ಣದಾಗಿ. ಎಕರೆಗೆ ಆರು ಅಡಿಗೊಂದರಂತೆ ಸಾವಿರದ ಇನ್ನೂರರಷ್ಟು ಗುಂಡಿ ತೋಡಿ, ಗೊಬ್ಬರ ತುಂಬಿ, ಹನಿ ನೀರಾವರಿ ಪೈಪು ಎಳೆದವರಿಗೆ ಆ ‘ತಡ’ ಮತ್ತು ‘ಸಣ್ಣ’ ಎಂಬ ಎರಡು ಮಾತಿನ ಬೆಲೆ ಗೊತ್ತು.

ನಾವು ಬಾಳೆಮರ ಎನ್ನುತ್ತೇವೆ, ಅದು ಮರವಲ್ಲ ಎಂಬುದು ಶಾಲೆ ಮಕ್ಕಳಿಗೂ ಗೊತ್ತಿರುವ ಮಾತು. ಮೇಲೆ ಕಾಣುವ ಕಂಬ ಒಂದರೊಳಗೊಂದು ಸುತ್ತಿಕೊಂಡ ಎಲೆಯ ಪಟ್ಟೆಗಳ ಕಟ್ಟು. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ. ಆ ಗೆಡ್ಡೆಯ ನಡುನೆತ್ತಿಯಲ್ಲಿ ಒಂದು ಸುಳಿ ಇದೆ. ತಿಂಗಳುಗಟ್ಟಲೆ ಎಲೆಯ ಮೇಲೆ ಎಲೆ ಕೊಡುತ್ತಿದ್ದ ಸುಳಿ ಒಂದು ದಿನ ಎಲೆ ಮಾಡುವುದನ್ನು ನಿಲ್ಲಿಸಿ ಹೂವಾಗಲು ಹೊರಡುತ್ತದೆ. ಪಟ್ಟೆಗಳ ನಡುವೆ ದಾರಿ ಮಾಡಿಕೊಂಡು ಮೇಲೇರಿ ನೆತ್ತಿಯಲ್ಲಿ ಮೂತಿ ಹೊರಹಾಕುತ್ತದೆ. ಪಲ್ಯಕ್ಕೆ, ಕೋಸಂಬರಿಗೆ ನಾವು ಹೆಚ್ಚುವ ದಿಂಡು ಹೀಗೆ ಮೇಲೇರಿದ ಕಾಂಡವೇ. ಒಮ್ಮೆ ಹೂವಾಗಿ ತಿರುಗಿದ ಸುಳಿ ಮತ್ತೆ ಎಲೆಗೆ ಮರಳುವುದಿಲ್ಲ. ಒಂದು ಗಿಡಕ್ಕೆ ಒಂದೇ ಗೊನೆ. ಗೊನೆ ಕಡಿದ ಮೇಲೆ ಆ ಗಿಡದ ಕಥೆ ಮುಗಿಯಿತು. ಆದರೆ ಅಷ್ಟರೊಳಗೆ ಗೆಡ್ಡೆಯ ಮಗ್ಗುಲಲ್ಲಿ ಮಲಗಿದ್ದ ಕಣ್ಣುಗಳು ಎದ್ದು ಕಂದುಗಳಾಗಿರುತ್ತವೆ.

ಆ ಕಂದುಗಳನ್ನೆಲ್ಲ ಬಿಟ್ಟರೆ ತಾಯಿ ಬಡವಾಗುತ್ತದೆ. ಹಾಗಾಗಿ ಮೂತಿ ಬರುವ ತನಕ ಏಳುವ ಕಂದುಗಳನ್ನು ತಿಂಗಳಿಗೊಮ್ಮೆಯಾದರೂ ಕುಯ್ದು ಹಾಕುವುದು, ಆಮೇಲೆ ಕೂಳೆ ಬೆಳೆಗೆಂದು ಒಂದೇ ಒಂದು ಗಟ್ಟಿ ಕಂದನ್ನು ಉಳಿಸಿಕೊಳ್ಳುವುದು ರೂಢಿ. ಬರಿದೆ ಕುಯ್ದರೆ ಎಂಟು ದಿನದಲ್ಲಿ ಮತ್ತೆ ತಲೆಯೆತ್ತುತ್ತದೆ. ಅದಕ್ಕೇ ಕೆಲವರು ಕುಯ್ದ ಜಾಗದ ನಡುವಿನ ಸುಳಿಯನ್ನು ಹಾರೆಯ ತುದಿಯಿಂದ ತಿರುವಿ ತೆಗೆದು ನಾಲ್ಕು ಹನಿ ಸೀಮೆಎಣ್ಣೆ ಬಿಡುತ್ತಾರೆ. ಬೀಜವಿಲ್ಲದ ಗಿಡಕ್ಕೆ ಬದುಕುವ ಹಟ ಅಷ್ಟಿದೆ.

ಬೀಜವಿಲ್ಲ ಎಂದೆ. ಹಣ್ಣನ್ನು ಅಡ್ಡಡ್ಡ ಕತ್ತರಿಸಿದಾಗ ನಡುವೆ ಸಾಲಾಗಿ ಕಾಣುವ ಕಪ್ಪು ಚುಕ್ಕೆಗಳು ಬೀಜವಾಗಲಾರದೆ ಹೋದವುಗಳ ಗುರುತು. ನಾವು ತಿನ್ನುವ ಬಾಳೆಗಳ ಮೂಲ ಎರಡು ಕಾಡುಬಾಳೆಗಳಲ್ಲಿದೆ: ಮೂಸಾ ಅಕ್ಯುಮಿನೇಟಾ ಮತ್ತು ಮೂಸಾ ಬಾಲ್ಬಿಸಿಯಾನ. ಮೊದಲನೆಯದನ್ನು ‘ಎ’, ಎರಡನೆಯದನ್ನು ‘ಬಿ’ ಎಂದು ಕರೆದು ಲೋಕದ ಬಾಳೆಗಳನ್ನೆಲ್ಲ ಈ ಎರಡು ಅಕ್ಷರಗಳ ಲೆಕ್ಕದಲ್ಲಿ ಜೋಡಿಸಿದವರು ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು, 1955ರಲ್ಲಿ. ಪಚ್ಚಬಾಳೆ, ಜಿ-9 ತರಹದವು ‘ಎಎಎ’. ನಂಜನಗೂಡು ರಸಬಾಳೆ, ನೇಂದ್ರ ‘ಎಎಬಿ’. ಏಲಕ್ಕಿ ಬಾಳೆ ಬರೀ ‘ಎಬಿ’. ಮೂರು ಅಕ್ಷರದವುಗಳಲ್ಲಿ ಹನ್ನೊಂದರ ಮೂರು ಕಟ್ಟು, ಅಂದರೆ 33 ವರ್ಣತಂತುಗಳು. ಬೀಜ ಕಟ್ಟಬೇಕಾದರೆ ಇವು ಸಮನಾಗಿ ಎರಡು ಪಾಲಾಗಬೇಕು. ಮೂರು ಕಟ್ಟು ಇಬ್ಬರಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಏಲಕ್ಕಿಯಲ್ಲಿ ಎರಡೇ ಕಟ್ಟಿದ್ದರೂ ಅವು ಬೇರೆ ಬೇರೆ ಕಾಡುಬಾಳೆಯವು, ಜೋಡಿ ಕೂಡುವುದು ಕಷ್ಟ. ಇಷ್ಟಾದರೂ ಕಾಯಿ ಮಾತ್ರ ಪರಾಗದ ಹಂಗಿಲ್ಲದೆ ತಾನೇ ತಿರುಳು ತುಂಬಿಕೊಳ್ಳುತ್ತದೆ. ಯಾವ ಕಾಲದಲ್ಲೋ ಯಾರೋ ಕಾಡಿನಲ್ಲಿ ಇಂಥದ್ದೊಂದು ಬೀಜವಿಲ್ಲದ ಗೊನೆಯನ್ನು ಕಂಡು, ಅದರ ಬುಡ ಅಗೆದು ಮನೆ ಹತ್ತಿರ ತಂದು ಊರಿರಬೇಕು. ಪಪುವಾ ನ್ಯೂಗಿನಿಯ ಕುಕ್ ಎಂಬ ಜೌಗು ಬಯಲಿನಲ್ಲಿ ಸುಮಾರು ಏಳು ಸಾವಿರ ವರ್ಷದ ಹಿಂದೆಯೇ ಬಾಳೆ ಬೆಳೆಯುತ್ತಿದ್ದ ಕುರುಹು ಸಿಕ್ಕಿದೆ.

ನಮ್ಮ ಪಶ್ಚಿಮ ಘಟ್ಟದಲ್ಲಿ ಈ ಬೀಜವಿಲ್ಲದ ಬಾಳೆಗೆ ಪೂರಾ ತಿರುಗುಮುರುಗಾದ ಒಬ್ಬ ನೆಂಟನಿದ್ದಾನೆ. ಕಡಿದಾದ ಬಂಡೆಯ ಸಂದಿಯಲ್ಲಿ ಬೆಳೆಯುವ ಕಲ್ಲುಬಾಳೆ. ಬುಡ ಹಂಡೆಯಷ್ಟು ಊದಿಕೊಂಡು, ಬೇಸಿಗೆಯಲ್ಲಿ ಎಲೆ ಉದುರಿಸಿ ಸತ್ತಂತೆ ಬಿದ್ದಿದ್ದು, ಮುಂಗಾರು ಬಿದ್ದಾಗ ಎದ್ದು ನಿಲ್ಲುತ್ತದೆ. ಅದರ ಕಾಯಿಯ ತುಂಬ ಕಲ್ಲಿನಂಥ ಕರಿಬೀಜ. ಕಲ್ಲುಬಾಳೆ ಕಂದು ಹಾಕುವುದೇ ಇಲ್ಲ. ಬೀಜವೊಂದೇ ಅದಕ್ಕೆ ಗತಿ. ಔಷಧಕ್ಕೆಂದು ಬೀಜ ಕಿತ್ತವರು ಅದರ ಮುಂದಿನ ಸಂತಾನವನ್ನೇ ಕಿತ್ತಂತೆ.

ತೋಟದ ಬಾಳೆಗೆ ಕಂದು ಬಿಟ್ಟರೆ ಬೇರೆ ದಾರಿ ಇಲ್ಲದ್ದರಿಂದ ಕಂದು ತೆಗೆಯುವ ಕೈಗೆ ಬೆಲೆ ಬಂತು. ನುರಿತವರು ಕಂದು ತೆಗೆಯುವುದನ್ನು ಹತ್ತಿರ ನಿಂತು ನೋಡಬೇಕು. ಎರಡು ಮೂರು ತಿಂಗಳಿನ, ಒಂದೂವರೆಯಿಂದ ಎರಡು ಕಿಲೋ ತೂಗಬಹುದಾದ ಕತ್ತಿಕಂದನ್ನು ಗುರುತು ಮಾಡಿಕೊಂಡು, ಮೊದಲು ಸುತ್ತಲಿನ ಮಣ್ಣು ಬಿಡಿಸುತ್ತಾರೆ. ತಾಯಿಗೂ ಕಂದಿಗೂ ನಡುವಿನ ಕುತ್ತಿಗೆ ಕಾಣಿಸಿದ ಮೇಲೆ ಹಾರೆಯನ್ನು ತಾಯಿಯ ಕಡೆಗೆ ವಾಲಿಸಿ ಒಂದೇ ಏಟು. ಏಟು ಕಂದಿನ ಕಡೆ ಬಿದ್ದರೆ ಗೆಡ್ಡೆ ಸೀಳುತ್ತದೆ, ತಾಯಿಯ ಕಡೆ ತೀರ ಒಳಗೆ ಹೋದರೆ ಗೊನೆ ಹೊತ್ತ ಗಿಡ ಗಾಳಿಗೆ ಉರುಳುತ್ತದೆ. ಬಿಡಿಸಿದ ಕಂದಿನ ತಲೆಯನ್ನು ಗೆಡ್ಡೆಯಿಂದ ಗೇಣುದ್ದ ಬಿಟ್ಟು ಕತ್ತರಿಸುತ್ತಾರೆ.

ಮುಂದಿನದು ಕೆತ್ತುವ ಕೆಲಸ. ಆತುರದವರು ಬಿಟ್ಟುಬಿಡುವುದು ಇದನ್ನೇ. ಚೂಪಾದ ಮಚ್ಚಿನಿಂದ ಬೇರನ್ನೆಲ್ಲ ಸವರಿ, ಗೆಡ್ಡೆಯ ಹೊರಸಿಪ್ಪೆಯನ್ನು ತೆಳ್ಳಗೆ ಸುಲಿಯುತ್ತಾ ಬಂದರೆ ಒಳಗಿನ ಬೆಳ್ಳನೆಯ ತಿರುಳು ಕಾಣುತ್ತದೆ. ತಿರುಳು ಚೊಕ್ಕ ಬಿಳಿಯಾಗಿದ್ದರೆ ಒಳ್ಳೆಯದು. ಕರ್ರನೆಯ ಸುರಂಗ ಕಂಡರೆ ಅದು ಗೆಡ್ಡೆ ಕೊರೆಯುವ ಸೊಂಡಿಲು ಹುಳುವಿನ ಕೆಲಸ. ಬೇರಿನ ಬುಡದಲ್ಲಿ ಕೆಂಪುಗಪ್ಪು ಕಲೆಗಳಿದ್ದರೆ ಕಣ್ಣಿಗೆ ಕಾಣದ ದುಂಡುಹುಳು, ಅಂದರೆ ನೆಮಟೋಡ್ ಒಳಸೇರಿದೆ. ತಿರುಳಿನೊಳಗೆ ಕೆಂಪುಮಿಶ್ರಿತ ಚುಕ್ಕೆ, ಗೆರೆ ಕಂಡರೆ ಮಾತ್ರ ಕೆತ್ತುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಆ ಕಂದನ್ನಷ್ಟೇ ಅಲ್ಲ, ಆ ತೋಟವನ್ನೇ ಬಿಟ್ಟು ಬರಬೇಕು.

ಹುಳಕ್ಕೆ ಉಪಾಯವಿದೆ. ಕೆತ್ತಿದ ಗೆಡ್ಡೆಯನ್ನು ಸುಮಾರು 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಟ್ಟರೆ ನೆಮಟೋಡ್ ಸಾಯುತ್ತದೆ, ಕಣ್ಣು ಬದುಕುತ್ತದೆ. ಕಾವು ಎರಡು ಮೂರು ಡಿಗ್ರಿ ಏರಿದರೂ ಕಂದು ಬೇಯುತ್ತದೆ, ಇಳಿದರೆ ಹುಳು ಉಳಿಯುತ್ತದೆ. ಥರ್ಮಾಮೀಟರು ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಆಮೇಲೆ ಟ್ರೈಕೋಡರ್ಮ, ಸ್ಯೂಡೋಮೊನಾಸ್ ಬೆರೆಸಿದ ನೀರಿನಲ್ಲೋ ಸಗಣಿ ಬಗ್ಗಡದಲ್ಲೋ ಅದ್ದಿ, ನೆರಳಲ್ಲಿ ಆರಿಸಿ ನೆಡುವುದು. ಅಡಿಕೆ ಸಸಿಗೆ ನೆರಳಾಗಲೆಂದು ಪಕ್ಕದ ತೋಟದ ಹಿಳ್ಳನ್ನು, ಅಂದರೆ ಕಂದನ್ನು, ತಂದು ಹಾಗೇ ಊರುವ ಮಲೆನಾಡಿನವರಿಗೆ ಇದೆಲ್ಲ ಅತಿಯೆನಿಸಬಹುದು. ಅಡಿಕೆ ಬೆಳೆದು ನಿಲ್ಲುವ ತನಕ ನೆರಳು ಕೊಟ್ಟರೆ ಸಾಕು ಎಂಬ ಲೆಕ್ಕ ಅವರದು. ಬಾಳೆಯನ್ನೇ ನೆಚ್ಚಿದವರ ಲೆಕ್ಕ ಬೇರೆ.

ಮಚ್ಚಿಗೂ ಬಿಸಿನೀರಿಗೂ ಬಗ್ಗದವು ಎರಡಿವೆ. ಒಂದು ತಿರುಳಿನಲ್ಲಿ ಆ ಕೆಂಪು ಗೆರೆ ಎಳೆಯುವ ಸೊರಗು ರೋಗದ ಶಿಲೀಂಧ್ರ, ಇನ್ನೊಂದು ಬಂಚಿ ಟಾಪ್ ನಂಜು. ಕರ್ನಾಟಕದಲ್ಲಿ ಮೊದಲನೆಯದರ ಪೆಟ್ಟು ಎಲ್ಲಕ್ಕಿಂತ ಹೆಚ್ಚು ತಿಂದದ್ದು ನಂಜನಗೂಡು ರಸಬಾಳೆ.

ಕಪಿಲಾ ದಂಡೆಯ ಮೆಕ್ಕಲು ಕಪ್ಪುಮಣ್ಣು, ದೇವರಸನಹಳ್ಳಿಯ ಸುತ್ತಮುತ್ತಲ ತೋಟಗಳು, ತೆಳು ಸಿಪ್ಪೆಯ ಘಮಘಮ ಹಣ್ಣು. ಹಳೆ ಮೈಸೂರು ಸೀಮೆಯವರಿಗೆ ಇದನ್ನು ವರ್ಣಿಸಿ ಹೇಳಬೇಕಿಲ್ಲ. ಭೌಗೋಳಿಕ ಗುರುತೂ ಸಿಕ್ಕಿತು. ಆದರೆ ಗುರುತು ಸಿಗುವ ಹೊತ್ತಿಗೆ ಹಣ್ಣೇ ಅಪರೂಪವಾಗಿತ್ತು. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿನೊಳಗೆ ನುಗ್ಗಿ ನೀರೇರುವ ನಾಳಗಳನ್ನು ಕಟ್ಟಿಹಾಕುತ್ತದೆ. ಕೆಳಗಿನ ಎಲೆಗಳ ಅಂಚು ಹಳದಿಯಾಗಿ, ದಂಟು ಮುರಿದು, ಕಂಬದ ಸುತ್ತ ಲಂಗದ ಹಾಗೆ ಜೋತುಬೀಳುತ್ತವೆ. ಬುಡ ಸೀಳುತ್ತದೆ. ಗೊನೆ ಬಂದರೂ ಬಲಿಯುವುದಿಲ್ಲ. ಗಿಡ ಸತ್ತ ಮೇಲೂ ಶಿಲೀಂಧ್ರ ಸಾಯುವುದಿಲ್ಲ. ದಪ್ಪ ಗೋಡೆಯ ಬೀಜಾಣುಗಳಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಕಾಯುತ್ತದೆ.

ಈ ರೋಗ ಒಂದು ಊರಿಂದ ಇನ್ನೊಂದು ಊರಿಗೆ ನಡೆದು ಹೋಗಲಾರದು. ನೀರಿನ ಜೊತೆ ಹರಿದೀತು, ನೇಗಿಲಿಗೆ, ಟ್ರ್ಯಾಕ್ಟರ್ ಚಕ್ರಕ್ಕೆ ಅಂಟಿದ ಮಣ್ಣಿನ ಜೊತೆ ಹೋದೀತು. ಆದರೆ ಅದರ ಹೆದ್ದಾರಿ ಕಂದು. ತಾಯಿಗೆ ಸೋಂಕು ತಗುಲಿ ಇನ್ನೂ ಎಲೆ ಹಳದಿಯಾಗಿರದ ದಿನಗಳಲ್ಲಿ ತೆಗೆದ ಕಂದು ನೋಡಲು ಲಕ್ಷಣವಾಗಿಯೇ ಇರುತ್ತದೆ. ಕೆತ್ತಿ ನೋಡಿದರೂ ಗೆರೆ ಕಾಣದೇ ಹೋಗಬಹುದು. ನೆಂಟರಿಗೆ, ಬೀಗರಿಗೆ, ಪಕ್ಕದೂರಿನ ಸ್ನೇಹಿತರಿಗೆ ಪ್ರೀತಿಯಿಂದ ಕೊಟ್ಟ ಕಂದುಗಳ ಬುಡದಲ್ಲಿ ಹಿಡಿ ಮಣ್ಣೂ ಹೋಯಿತು, ಮಣ್ಣಿನಲ್ಲಿ ರೋಗವೂ ಹೋಯಿತು. ಹಾಗಾಗಿ ಕಂದು ತುಂಬಿದ ಗಾಡಿ ಕಂಡರೆ ಬಾಳೆ ಸೀಮೆಯವರು ಬೆಲೆ ಕೇಳುವ ಮೊದಲು, ‘ಎಲ್ಲಿಂದ ತಂದ್ರಣ್ಣ, ಯಾರ ತೋಟದ್ದು?’ ಎಂದು ಕೇಳುತ್ತಾರೆ. ಕುಶಲೋಪರಿಯಂತೆ ಕೇಳಿಸಿದರೂ ಅದು ರೋಗಪರೀಕ್ಷೆಯ ಪ್ರಶ್ನೆ. ಏಲಕ್ಕಿ ಬಾಳೆಯೂ ಇದೇ ರೋಗಕ್ಕೆ ತುತ್ತಾಗುವ ಜಾತಿ. ಪಚ್ಚಬಾಳೆ ಈ ರೋಗದ ಹಳೆಯ ತಳಿಗೆ ಜಗ್ಗುವುದಿಲ್ಲ. ರಸಬಾಳೆ ಬಿಟ್ಟವರಲ್ಲಿ ಹಲವರು ಪಚ್ಚಬಾಳೆಗೆ, ಜಿ-9ಗೆ ಹೋದದ್ದರ ಹಿಂದೆ ಮಾರುಕಟ್ಟೆಯೊಂದೇ ಇಲ್ಲ.

ಬಂಚಿ ಟಾಪ್‌ನದು ಇನ್ನೊಂದು ದಾರಿ. ಎಲೆಗಳು ಮೊಟಕಾಗಿ, ನೆಟ್ಟಗೆ ನಿಂತು, ನೆತ್ತಿಯಲ್ಲಿ ಪೊರಕೆಯ ಕಟ್ಟಿನಂತೆ ಒತ್ತಿಕೊಳ್ಳುತ್ತವೆ. ಎಲೆದಂಟನ್ನು ಬೆಳಕಿಗೆ ಹಿಡಿದರೆ ಕಡುಹಸಿರು ಚುಕ್ಕೆ, ಗೆರೆಗಳು ಕಾಣುತ್ತವೆ. ಎಳೆಯದರಲ್ಲೇ ರೋಗ ಬಂದರೆ ಗೊನೆ ಇಲ್ಲ. ಇದು ಮಣ್ಣಿನಿಂದ ಬರುವುದಿಲ್ಲ, ಮಚ್ಚಿನಿಂದಲೂ ಹರಡುವುದಿಲ್ಲ. ಪಟ್ಟೆಯ ಬುಡದಲ್ಲಿ ಕೂರುವ ಕಪ್ಪು ಹೇನು ಒಂದು ವಾಹಕ, ರೋಗದ ತಾಯಿಯಿಂದ ತೆಗೆದ ಕಂದು ಮತ್ತೊಂದು. 1940ರ ಸುಮಾರಿಗೆ ಶ್ರೀಲಂಕಾ ಕಡೆಯಿಂದ ಕೇರಳಕ್ಕೆ ಬಂದ ಈ ನಂಜು ತಮಿಳುನಾಡಿನ ಪಳನಿ ಬೆಟ್ಟದ ವಿರೂಪಾಕ್ಷಿ ಬಾಳೆಯನ್ನು ಬಹುಪಾಲು ಅಳಿಸಿಹಾಕಿತು. ಪಳನಿ ಮುರುಗನ ಪಂಚಾಮೃತಕ್ಕೆ ಬಳಸುವ ಹಣ್ಣು ಅದು. ರೋಗವಿರುವ ಕೆಲವು ರಾಜ್ಯಗಳಿಂದ ಬಾಳೆಕಂದು ಹೊರಗೆ ಹೋಗಬಾರದೆಂದು 1914ರ ಕೀಟ-ಪೀಡೆ ಕಾಯ್ದೆಯಡಿ ನಿರ್ಬಂಧವಿದೆ. ಹಣ್ಣು ಮಾತ್ರ ಎಲ್ಲಿಗೆ ಬೇಕಾದರೂ ಹೋಗಬಹುದು. ಈ ನಿಯಮ ಚೆಕ್‌ಪೋಸ್ಟಿನಲ್ಲಿ ಎಷ್ಟು ಮಂದಿಗೆ ನೆನಪಿರುತ್ತದೋ, ಲಾರಿಯವರನ್ನು ಕೇಳಬೇಕು.

ಕಂದು ಬರೀ ರೋಗವನ್ನಷ್ಟೇ ಹೊತ್ತು ತಿರುಗಿಲ್ಲ, ಲೋಕದ ಪಚ್ಚಬಾಳೆಯ ಒಂದು ದೊಡ್ಡ ಕವಲನ್ನೇ ಹೊತ್ತು ತಿರುಗಿದೆ. ಚೀನಾದಿಂದ ಮಾರಿಷಸ್ಸಿಗೆ, ಅಲ್ಲಿಂದ ಇಂಗ್ಲೆಂಡಿಗೆ ಬಂದ ಒಂದು ಬಾಳೆಯನ್ನು ಡೆವನ್‌ಶೈರ್‌ನ ಆರನೇ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್‌ನ ಚಾಟ್ಸ್‌ವರ್ತ್ ಅರಮನೆಯ ಗಾಜಿನ ಮನೆಯಲ್ಲಿ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಸಾಕಿದ. 1835-36ರ ಹೊತ್ತಿಗೆ ಅದು ಹೂಬಿಟ್ಟು ಹಣ್ಣಾಯಿತು. ಯಜಮಾನನ ಹೆಸರನ್ನೇ ಗಿಡಕ್ಕೆ ಇಟ್ಟ. ಆ ಗಿಡದ ಕಂದುಗಳನ್ನು ಜಾನ್ ವಿಲಿಯಮ್ಸ್ ಎಂಬ ಮಿಷನರಿ 1830ರ ದಶಕದ ಕೊನೆಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಮೋವಾ ದ್ವೀಪಕ್ಕೆ ಹಡಗಿನಲ್ಲಿ ಒಯ್ದ. ಬದುಕುಳಿದದ್ದು ಒಂದೇ ಎನ್ನುತ್ತಾರೆ. ಅಲ್ಲಿಂದ ಟೋಂಗಾ, ಫಿಜಿ ಎಂದು ಪೆಸಿಫಿಕ್ ದ್ವೀಪಗಳಿಗೆಲ್ಲ ಹಬ್ಬಿತು. ನೂರಿಪ್ಪತ್ತು ವರ್ಷ ಕಳೆದ ಮೇಲೆ, ಲ್ಯಾಟಿನ್ ಅಮೆರಿಕದ ಗ್ರೋ ಮಿಶೆಲ್ ಎಂಬ ಬಾಳೆಯನ್ನು ಇದೇ ಸೊರಗು ರೋಗ ನೆಲಕಚ್ಚಿಸಿದಾಗ, ಹಣ್ಣಿನ ಕಂಪನಿಗಳು ಆ ಜಾಗಕ್ಕೆ ತಂದು ನೆಟ್ಟದ್ದು ಕ್ಯಾವೆಂಡಿಶ್ ಗುಂಪಿನ ಬಾಳೆಗಳನ್ನು.

ಇಷ್ಟೆಲ್ಲ ಹೇಳಿದ ಮೇಲೆ ಲ್ಯಾಬಿನ ಬಾಗಿಲು ತಟ್ಟಲೇಬೇಕು. ಟಿಶ್ಯೂ ಕಲ್ಚರ್ ಎಂದರೆ ಏನೋ ಕೃತಕ, ಏನೋ ಔಷಧಿ ಹೊಡೆದ ಗಿಡ ಎಂಬ ಅಳುಕು ಊರಕಡೆ ಇನ್ನೂ ಇದೆ. ಅಸಲಿಗೆ ಅಲ್ಲಿ ನಡೆಯುವುದೂ ಕಂದು ತೆಗೆಯುವ ಕೆಲಸವೇ. ಒಳ್ಳೆಯ ಗೊನೆ ಕೊಟ್ಟ, ನಂಜು ಪರೀಕ್ಷೆಯಲ್ಲಿ ತೇರ್ಗಡೆಯಾದ ತಾಯಿಯಿಂದ ಒಂದು ಕತ್ತಿಕಂದು ತರುತ್ತಾರೆ. ಪಟ್ಟೆಯನ್ನು ಒಂದೊಂದಾಗಿ ಸುಲಿಯುತ್ತಾ ಹೋಗಿ ನಡುವಿನ ಸುಳಿಯನ್ನಷ್ಟೇ, ಒಂದು ಸಣ್ಣ ಸಕ್ಕರೆ ಅಚ್ಚಿನಷ್ಟನ್ನು ಉಳಿಸಿಕೊಳ್ಳುತ್ತಾರೆ. ಅದನ್ನು ಬ್ಲೀಚಿಂಗ್ ದ್ರಾವಣದಲ್ಲಿ ತೊಳೆದು, ಶುದ್ಧಗಾಳಿ ಬೀಸುವ ಪೆಟ್ಟಿಗೆಯ ಮುಂದೆ ಕುಳಿತು, ಬೆಂಕಿಗೆ ಹಿಡಿದ ಚಿಮ್ಮಟದಿಂದ ಎತ್ತಿ ಬಾಟಲಿಯೊಳಗಿನ ಜೆಲ್ಲಿಯ ಮೇಲೆ ಕೂರಿಸುತ್ತಾರೆ. ಜೆಲ್ಲಿಯಲ್ಲಿ ಸಕ್ಕರೆ, ಲವಣಗಳು, ವಿಟಮಿನ್ನು, ಗಟ್ಟಿಯಾಗಲು ಕಡಲಪಾಚಿಯ ಅಗರು. ಲವಣಗಳ ಈ ಪಾಕ 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ತಂಬಾಕಿನ ಅಂಗಾಂಶ ಬೆಳೆಸಲೆಂದು ಗೊತ್ತುಮಾಡಿದ್ದು. ಇವತ್ತಿಗೂ ಬಾಳೆಯ ಲ್ಯಾಬುಗಳು ಅದನ್ನೇ ಬೇಯಿಸುತ್ತವೆ.

ಸುಳಿ ತನ್ನ ಕೆಳಗಿನ ಕಣ್ಣುಗಳನ್ನು ಅಮುಕಿಟ್ಟಿರುತ್ತದೆ. ಸುಳಿ ಗಟ್ಟಿಯಾಗಿರುವ ತನಕ ಕಣ್ಣುಗಳು ಏಳಲು ಹಿಂಜರಿಯುತ್ತವೆ. ಜೆಲ್ಲಿಗೆ ಸೈಟೋಕೈನಿನ್ ಎಂಬ ಚೋದಕವನ್ನು ಒಂದಿಷ್ಟು ಬೆರೆಸಿದರೆ ಆ ಹಿಡಿತ ಸಡಿಲವಾಗಿ ಕಣ್ಣುಗಳು ಗುಂಪಾಗಿ ಚಿಗುರುತ್ತವೆ. ಮೂರು ನಾಲ್ಕು ವಾರಕ್ಕೊಮ್ಮೆ ಆ ಗುಂಪನ್ನು ಬಿಡಿಸಿ ಹೊಸ ಬಾಟಲಿಗಳಿಗೆ ಹಂಚುತ್ತಾರೆ. ಒಂದು ಮೂರಾಗಿ, ಮೂರು ಒಂಬತ್ತಾಗಿ, ತೋಟದಲ್ಲಿ ವರ್ಷಕ್ಕೆ ಹತ್ತು ಕಂದು ಕೊಡುವ ತಾಯಿ ಇಲ್ಲಿ ಸಾವಿರಗಟ್ಟಲೆಯಾಗುತ್ತದೆ. ಬೇಕಾದಷ್ಟಾದ ಮೇಲೆ ಪಾಕ ಬದಲಿಸಿ ಬೇರು ಬರಿಸುತ್ತಾರೆ.

ಬಾಟಲಿಯಿಂದ ಹೊರಬಂದ ಗಿಡ ನೋಡಲು ಚೆಂದ, ಆದರೆ ಬಲು ನಾಜೂಕು. ಬಾಟಲಿಯ ಆರ್ದ್ರತೆಯಲ್ಲಿ ಬೆಳೆದದ್ದರಿಂದ ಎಲೆಯ ಮೇಲೆ ಮೇಣದ ಲೇಪ ಸರಿಯಾಗಿ ಕಟ್ಟಿರುವುದಿಲ್ಲ. ನೇರ ಬಿಸಿಲಿಗೆ ಇಟ್ಟರೆ ಗಂಟೆಯೊಳಗೆ ಮುದುಡುತ್ತದೆ. ಮೊದಲು ತೆಂಗಿನನಾರಿನ ಪುಡಿ ತುಂಬಿದ ಟ್ರೇಗಳಲ್ಲಿ, ಮಂಜು ಕವಿದ ಪಾಲಿಹೌಸಿನೊಳಗೆ ಒಂದು ತಿಂಗಳಿನ ಮೇಲೆ. ಆಮೇಲೆ ಮಣ್ಣು ಗೊಬ್ಬರದ ಕವರುಗಳಲ್ಲಿ, ನೆರಳುಪರದೆಯ ಕೆಳಗೆ ಮತ್ತೊಂದಿಷ್ಟು ವಾರ. ಐದಾರು ಎಲೆ, ಒಂದಡಿ ಎತ್ತರ ಆದ ಮೇಲಷ್ಟೇ ಅದು ಮಾರಾಟಕ್ಕೆ ತಯಾರು. ಈ ಎರಡನೇ ಹಂತವನ್ನು ಅವಸರದಲ್ಲಿ ಮುಗಿಸಿ ಗಿಡ ಸಾಗಹಾಕುವ ನರ್ಸರಿಗಳೂ ಇವೆ. ಎಕರೆಗಟ್ಟಲೆ ಗಿಡ ಬಾಡಿದಾಗ ಬೈಗುಳ ಬೀಳುವುದು ಟಿಶ್ಯೂ ಕಲ್ಚರಿಗೆ.

ಬೈಗುಳಕ್ಕೆ ಇನ್ನೊಂದು ಕಾರಣ ಬೆಳೆಗಾರರೇ ಒದಗಿಸುತ್ತಾರೆ. ಎಳೆ ಟಿಶ್ಯೂ ಗಿಡದ ಸಾಲುಗಳ ನಡುವೆ ಜಾಗ ಖಾಲಿ ಇದೆಯೆಂದು ಸೌತೆ, ಕುಂಬಳ, ಟೊಮೆಟೊ ಹಾಕುವುದು. ಸೌತೆಯ ಮೊಸಾಯಿಕ್ ನಂಜು ಹೇನಿನ ಮೂಲಕ ಹಾರಿಬಂದು ಎಳೆ ಬಾಳೆಗೆ ಅಂಟಿಕೊಳ್ಳುತ್ತದೆ. ಎರಡು ಕಿಲೋ ಗೆಡ್ಡೆಯ ಬಲವಿಲ್ಲದ ಎಳೆ ಟಿಶ್ಯೂ ಗಿಡಕ್ಕೆ ಅದನ್ನು ತಾಳಿಕೊಳ್ಳುವುದು ಕಷ್ಟ. ಬೇಕಿದ್ದರೆ ಹುರುಳಿ, ಅಲಸಂದೆ, ಈರುಳ್ಳಿ ಹಾಕಲಿ.

ಇನ್ನು ಲಾಭದ ಮಾತು. ಒಂದೇ ವಯಸ್ಸಿನ ಗಿಡಗಳು ಒಂದೇ ಸಮನೆ ಬೆಳೆದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೂತಿ ಹಾಕುತ್ತವೆ. ಕಂದು ನೆಟ್ಟ ತೋಟದಲ್ಲಿ ಕಟಾವು ತಿಂಗಳುಗಟ್ಟಲೆ ಎಳೆದಾಡುವಾಗ ಇಲ್ಲಿ ಬೇಗ ಮುಗಿಯುತ್ತದೆ, ಇಡೀ ಬೆಳೆಯೂ ಮೊದಲೇ ಕೈಗೆ ಬರುತ್ತದೆ. ಮಹಾರಾಷ್ಟ್ರದ ಜಳಗಾಂವ್ ಕಡೆಯಿಂದ ಜಿ-9 ಹಬ್ಬಿದ್ದೇ ಈ ಗುಣಕ್ಕೆ. ಸುತ್ತಲಿನ ಹತ್ತು ಹಳ್ಳಿಯ ಗೊನೆ ಒಂದೇ ವಾರ ಮಂಡಿಗೆ ಬಂದಾಗ ದರ ಏನಾಗುತ್ತದೆ ಎಂಬುದನ್ನು ಮಾತ್ರ ಕರಪತ್ರದಲ್ಲಿ ಬರೆದಿರುವುದಿಲ್ಲ.

ಲ್ಯಾಬಿನೊಳಗೆ ಬಂದ ತಾಯಿಯೇ ನಂಜು ಹೊತ್ತಿದ್ದರೆ ಸಾವಿರ ಗಿಡಕ್ಕೂ ನಂಜು. ಶಿಲೀಂಧ್ರ, ನೆಮಟೋಡುಗಳನ್ನು ಬಾಟಲಿ ಸೋಸಿ ಹಾಕುತ್ತದೆ, ವೈರಸ್ಸನ್ನು ಸೋಸುವುದಿಲ್ಲ. ಹಾಗಾಗಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಟಿಶ್ಯೂ ಸಸಿಗಳಿಗೆ ಪ್ರಮಾಣೀಕರಣ ವ್ಯವಸ್ಥೆ ತಂದಿದೆ. ಗಿಡ ಕೊಳ್ಳುವಾಗ ಎತ್ತರ, ಎಲೆ ಎಣಿಸುವ ನಮ್ಮವರು ಆ ಪ್ರಮಾಣಪತ್ರದ ಚೀಟಿಯನ್ನೂ ಕೇಳಬೇಕು.

ಬಾಟಲಿಯಲ್ಲಿ ಎಂಟು ಹತ್ತು ಸುತ್ತು ದಾಟಿ ಹಿಗ್ಗಿಸುತ್ತಾ ಹೋದರೆ ಗಿಡಗಳು ಗುಣ ಬದಲಿಸತೊಡಗುತ್ತವೆ. ಕೆಲವು ಗಿಡ್ಡವಾಗುತ್ತವೆ, ಕೆಲವಕ್ಕೆ ಎಲೆಯಲ್ಲಿ ಪಟ್ಟೆ ಬರುತ್ತದೆ. ಲ್ಯಾಬಿನವರಿಗೆ ಇದು ತಲೆನೋವು, ಹುಡುಕಿ ಕಿತ್ತೆಸೆಯುವ ಕಸ. ತೈವಾನಿನವರು ಇದರಲ್ಲೇ ಬೇರೆ ಏನೋ ಕಂಡರು. ಅಲ್ಲಿ ಸೊರಗು ರೋಗದ ಹೊಸ ತಳಿ ಕ್ಯಾವೆಂಡಿಶ್ಶನ್ನೂ ಕೊಲ್ಲತೊಡಗಿತ್ತು. ಟಿಶ್ಯೂ ಸಸಿಗಳನ್ನು ರೋಗದ ಮಣ್ಣಿನಲ್ಲೇ ನೆಟ್ಟು, ಸಾಯದೆ ಉಳಿದವನ್ನು ಆರಿಸಿ, ಮತ್ತೆ ಬೆಳೆಸಿ, ಮತ್ತೆ ಆರಿಸಿದರು. ಬೀಜವಿಲ್ಲದ ಗಿಡದಲ್ಲಿ ತಳಿ ಆಯ್ಕೆ ನಡೆದದ್ದು ಹೀಗೆ, ನಕಲು ಮಾಡುವಾಗ ಬಿದ್ದ ತಪ್ಪುಗಳ ನಡುವೆ. ಅದರಿಂದ ಬಂದ ಫಾರ್ಮೋಸಾನ ಎಂಬ ತಳಿ ಹೊಸ ರೋಗವನ್ನು ಒಂದಷ್ಟು ತಡೆದುಕೊಳ್ಳುತ್ತದೆ. ಬೀಜ ಇಲ್ಲದ ಕಾರಣಕ್ಕೇ ಬಾಳೆಯ ತಳಿ ಖಜಾನೆಯೂ ಬಾಟಲಿಗಳಲ್ಲಿದೆ: ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ 1,500ಕ್ಕೂ ಹೆಚ್ಚು ಬಾಳೆಗಳು ಗಾಜಿನ ನಳಿಕೆಗಳಲ್ಲೂ ದ್ರವ ಸಾರಜನಕದ ಚಳಿಯಲ್ಲೂ ಇವೆ. ನಮ್ಮಲ್ಲಿ ಈ ಕೆಲಸಕ್ಕೆಂದು ತಿರುಚಿನಾಪಳ್ಳಿಯಲ್ಲಿ 1993ರಿಂದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವಿದೆ.

ತೋಟಕ್ಕೂ ಲ್ಯಾಬಿಗೂ ನಡುವೆ ಮೂರನೆಯ ದಾರಿ ಒಂದಿದೆ, ನಮ್ಮಲ್ಲಿ ಅದಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಎಂಬುದು ನನ್ನ ದೂರು. ಚೊಕ್ಕ ಗೆಡ್ಡೆಯೊಂದನ್ನು ಕೆತ್ತಿ, ಪಟ್ಟೆ ಬಿಡಿಸಿ, ನಡುಸುಳಿಯನ್ನು ಚಾಕುವಿನಿಂದ ಅಡ್ಡ ಉದ್ದ ಗೀರಿ ಕೊಲ್ಲುವುದು. ಒದ್ದೆ ಮರದ ಹೊಟ್ಟಿನಲ್ಲಿ ಹೂತು ಮೇಲೆ ಪ್ಲಾಸ್ಟಿಕ್ ಗುಡಾರ ಹಾಕುವುದು. ಸುಳಿಯ ಹಿಡಿತ ತಪ್ಪಿದ ಕಣ್ಣುಗಳು ಏಳುತ್ತವೆ. ಎದ್ದವನ್ನೂ ಗೀರಿದರೆ ಅವುಗಳ ಸುತ್ತ ಮತ್ತೆ ಏಳುತ್ತವೆ. ನಾಲ್ಕೈದು ತಿಂಗಳಲ್ಲಿ ಒಂದು ಗೆಡ್ಡೆಯಿಂದ ಹತ್ತಾರು ಸಸಿ. ಬಾಟಲಿಯಲ್ಲಿ ಚೋದಕ ಮಾಡುವುದನ್ನು ಇಲ್ಲಿ ಚಾಕು ಮಾಡುತ್ತದೆ. ಕ್ಯಾಮರೂನ್‌ನ ಸಂಶೋಧಕರು ಇದಕ್ಕೆ ಒಂದು ಕ್ರಮ ಕೊಟ್ಟರು, ತಿರುಚಿನಾಪಳ್ಳಿಯ ಕೇಂದ್ರವೂ ಇದನ್ನು ಕಲಿಸುತ್ತದೆ. ಇಥಿಯೋಪಿಯದ ರೈತರಿಗಂತೂ ಇದು ಹೊಸತಲ್ಲ. ಅಲ್ಲಿ ಎರಡು ಕೋಟಿಯಷ್ಟು ಜನರ ಊಟ ಎನ್ಸೆಟ್ ಎಂಬ ಗಿಡದ ಗೆಡ್ಡೆ ಮತ್ತು ಪಟ್ಟೆಯಿಂದ ಬರುತ್ತದೆ. ನಮ್ಮ ಕಲ್ಲುಬಾಳೆಯ ಹತ್ತಿರದ ಬಂಧು ಅದು, ತಾನಾಗಿ ಕಂದು ಹಾಕುವುದಿಲ್ಲ. ಅವರು ಅದರ ಗೆಡ್ಡೆಯ ಸುಳಿ ತೋಡಿ ತೆಗೆದು, ಆ ಕುಳಿಗೆ ಮಣ್ಣು ಸಗಣಿ ತುಂಬಿ ಹೂತು, ಕಂದು ಹಾಕದ ಗಿಡದಿಂದಲೂ ಕಂದು ತೆಗೆಯುತ್ತಾರೆ. ಒಂದೋ ಎರಡೋ ಎಕರೆಯ ಏಲಕ್ಕಿ, ರಸಬಾಳೆ, ಕಮಲಾಪುರದ ಕೆಂಪು ಬಾಳೆ ಬೆಳೆಯುವವರು ತಮ್ಮದೇ ತೋಟದ ಒಳ್ಳೆಯ ಗಿಡವನ್ನು ಹೆಚ್ಚಿಸಿಕೊಳ್ಳಲು ಇದಕ್ಕಿಂತ ಅಗ್ಗದ ಹಾದಿ ಇಲ್ಲ. ಲ್ಯಾಬುಗಳು ಹೆಚ್ಚಾಗಿ ಮಾಡುವುದು ಹೆಚ್ಚು ಮಾರಾಟವಾಗುವ ಜಿ-9 ತಾನೆ.

ಆದರೆ ಗಿಡ ಎಲ್ಲಿಂದಲೇ ಬರಲಿ, ಇಳಿಯುವುದು ಅದೇ ಮಣ್ಣಿಗೆ. ರಸಬಾಳೆಗೆ ಮರುಜೀವ ಕೊಡಲು ಟಿಶ್ಯೂ ಸಸಿಗಳನ್ನು ಹಂಚುವ ಪ್ರಯತ್ನಗಳು ನಡೆದಿವೆ. ಚೊಕ್ಕ ಸಸಿಯನ್ನು ಸೊರಗಿನ ಶಿಲೀಂಧ್ರ ಕಾದು ಕುಳಿತ ನೆಲಕ್ಕೆ ನೆಟ್ಟರೆ ಅದು ಚೊಕ್ಕವಾಗಿರುವುದು ಬೇರು ಇಳಿಯುವ ತನಕ. ಒಂದೆರಡು ಬೆಳೆ ಭತ್ತ ಹಾಕಿ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಶಿಲೀಂಧ್ರದ ಬಲ ಕುಗ್ಗುತ್ತದೆ, ಹೊಸ ನೆಲವಿದ್ದರೆ ಇನ್ನೂ ಒಳ್ಳೆಯದು. ಹೊಸ ನೆಲ ಎಲ್ಲರಿಗೂ ಎಲ್ಲಿದೆ?

ಈಗ ಕಾಯುತ್ತಿರುವುದು ಸೊರಗು ರೋಗದ ಟಿಆರ್-4 ಎಂಬ ಹೊಸ ತಳಿ, ಪಚ್ಚಬಾಳೆಯನ್ನೂ ಬಿಡದ್ದು. ಆಗ್ನೇಯ ಏಷ್ಯಾ ದಾಟಿ ಆಸ್ಟ್ರೇಲಿಯಾ, ಆಫ್ರಿಕಾ ಮುಟ್ಟಿ, 2019ರಲ್ಲಿ ಕೊಲಂಬಿಯಾದಲ್ಲಿ ಕಾಣಿಸಿಕೊಂಡಾಗ ಅಲ್ಲಿನ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. ನಮ್ಮ ದೇಶದಲ್ಲೂ ಬಿಹಾರ ಮತ್ತು ಉತ್ತರಪ್ರದೇಶದಲ್ಲಿ ಅದು ಪತ್ತೆಯಾಗಿದೆ. ಆಸ್ಟ್ರೇಲಿಯಾದವರು ಕಾಡುಬಾಳೆಯ ವಂಶವಾಹಿಯೊಂದನ್ನು ಕ್ಯಾವೆಂಡಿಶ್‌ಗೆ ಸೇರಿಸಿ ಮಾಡಿದ ಕ್ಯೂಕ್ಯಾವ್-4 ತಳಿಗೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಅಂಥ ಗಿಡ ಮುಂದೆ ಇಲ್ಲಿಗೂ ಬಂದರೆ, ಅದೂ ಬಾಟಲಿಯಲ್ಲೇ ಹೆಚ್ಚಾಗಿ, ಕವರಿನಲ್ಲಿ ಬಂದು, ಆರು ತಿಂಗಳಲ್ಲಿ ಬುಡದಿಂದ ನಾಲ್ಕು ಕತ್ತಿಕಂದು ಎಬ್ಬಿಸುತ್ತದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ತಾನು ಬೆಳೆದದ್ದನ್ನು ಉಳಿಸಿಕೊಳ್ಳುವ, ಮತ್ತೆ ನೆಡುವ, ಇನ್ನೊಬ್ಬರಿಗೆ ಕೊಡುವ ಹಕ್ಕನ್ನು ರೈತರಿಗೆ ಬಿಟ್ಟಿದೆ. ಬ್ರ್ಯಾಂಡಿನ ಹೆಸರು ಹಾಕಿ ಮಾರಬಾರದು, ಅಷ್ಟೆ. ಅಂದರೆ ಬೇಲಿಯಾಚೆಗೆ ಕಂದು ಕೊಡುವುದನ್ನು ಯಾರೂ ನಿಲ್ಲಿಸಲಾರರು, ನಿಲ್ಲಿಸಬೇಕಾದ್ದೂ ಇಲ್ಲ. ಕೊಡುವವರು ಬೇರು ಸವರಿ, ಗೆಡ್ಡೆ ಕೆತ್ತಿ, ಮಣ್ಣನ್ನು ತಮ್ಮ ತೋಟದಲ್ಲೇ ಉದುರಿಸಿ ಕೊಡಲಿ. ಇಸಿದುಕೊಳ್ಳುವವರು ನಾಚಿಕೆ ಬಿಟ್ಟು ತಾಯಿಗಿಡವನ್ನೊಮ್ಮೆ ತೋರಿಸಿ ಎಂದು ಕೇಳಲಿ.